ಅತ್ತೆಗೆ ಮೀಸೆ ಬಂದರೆ ಯಾರಾಗುತ್ತಾಳೆ?

ಗಂಡಸರು ಕೂತು ಮಾತಾಡಿದರೆ ಅದು ಚರ್ಚೆ. ಹೆಂಗಸರು ಕೂತು ಮಾತಾಡಿದರೆ ಹರಟೆ. ಈ ಹೆಸರುಗಳನ್ನು ಇಟ್ಟವರು ಯಾರೆಂದು ಕೇಳಬೇಕಾಗಿಲ್ಲ ಬಿಡಿ. ಹರಟೆಯೆಂದೇ ಇಟ್ಟುಕೊಳ್ಳೋಣ. ಆದರೆ ಸೋದರಿಯರೇ, ಆ ಹರಟೆಯಲ್ಲಿ ಏನೇನು ವಿಷಯ ಬರುತ್ತದೆಂದು ಯಾರಾದರೂ ಕಿವಿಗೊಟ್ಟು ಕೇಳಿದ್ದುಂಟೇ? ಸೀರೆ, ಚಿನ್ನ, ಪಕ್ಕದ ಮನೆಯ ಸುದ್ದಿ, ಇಷ್ಟೇ ಎಂದು ತಿಳಿದವರನ್ನು ಹಲಸೂರಿನ ನಮ್ಮ ಗುಂಪಿನಲ್ಲಿ ಒಂದು ಮಧ್ಯಾಹ್ನ ಕೂರಿಸಬೇಕು. ಅದರಲ್ಲೂ ಅವರೆಕಾಯಿಯ ಕಾಲದಲ್ಲಿ. ರಾತ್ರಿ ನೆನೆಹಾಕಿದ ಕಾಳನ್ನು ಒಂದೊಂದಾಗಿ ಹಿದುಕಬೇಕಲ್ಲ, ಬೆರಳಿಗೆ ಕೆಲಸ, ಬಾಯಿಗೆ ಬಿಡುವು. ಪಾತ್ರೆ ತುಂಬುವಷ್ಟರಲ್ಲಿ ವ್ಯಾಕರಣ, ತರ್ಕ, ವೇದಾಂತ ಮೂರೂ ಮುಗಿದಿರುತ್ತವೆ.

ನಾವು ಎಂಟು ಜನ. ಕನ್ನಡ ಮನೆಮಾತಿನವರು ನಾಲ್ವರು, ತಮಿಳಿನವರು ಇಬ್ಬರು, ತೆಲುಗಿನವರೊಬ್ಬರು, ದಖ್ಖನಿ ಉರ್ದುವಿನವರೊಬ್ಬರು. ದಂಡು ಪ್ರದೇಶದ ಯಾವ ಬೀದಿಯನ್ನು ತೆಗೆದುಕೊಂಡರೂ ಲೆಕ್ಕ ಹೆಚ್ಚು ಕಡಿಮೆ ಹೀಗೇ ಬರುತ್ತದೆ. 1809ರಲ್ಲಿ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಇಲ್ಲಿಗೆ ಬಂದಾಗ, ಅದರ ಬೆನ್ನಿಗೇ ಅಡಿಗೆಯವರು, ಅಗಸರು, ದರ್ಜಿಗಳು, ವ್ಯಾಪಾರಿಗಳು ನಾಲ್ಕು ದಿಕ್ಕಿನಿಂದ ಬಂದರು. ಪೇಟೆಗೂ ದಂಡಿಗೂ ಬೇರೆ ಬೇರೆ ಮುನಿಸಿಪಾಲಿಟಿ. ಅವೆರಡೂ ಒಂದಾದದ್ದು 1949ರಲ್ಲಿ. ಕಾಗದದ ಮೇಲೆ ಒಂದಾದವು ಅನ್ನಿ. ನಾಲಿಗೆಯ ಮೇಲೆ ಇವತ್ತಿಗೂ ಬಸವನಗುಡಿಯ ಕನ್ನಡ ಬೇರೆ, ಶಿವಾಜಿನಗರದ ಕನ್ನಡ ಬೇರೆ. ನಮ್ಮದು ಬಿಸಿಬೇಳೆಬಾತು. ಎಲ್ಲಾ ತರಕಾರಿಯೂ ಇರುತ್ತದೆ, ಯಾವುದು ಯಾವುದೆಂದು ಬೇರೆ ತೆಗೆಯಲು ಬರುವುದಿಲ್ಲ.

ಈಗ ಮೀಸೆಯ ವಿಚಾರಕ್ಕೆ ಬರೋಣ. ಆಗದ ಮಾತಿಗೆ "ಅತ್ತೆಗೆ ಮೀಸೆ ಬಂದ್ರೆ ಮಾವ ಅನ್ನಬಹುದಿತ್ತು" ಅನ್ನುವ ಗಾದೆ ನಿಮಗೆಲ್ಲ ಗೊತ್ತು. ಒಂದು ದಿನ ನಮ್ಮಲ್ಲೊಬ್ಬರು ಮಾತಿನ ಓಘದಲ್ಲಿ ಅದನ್ನು ಅಂದರು. ತಮಿಳಿನ ಗೆಳತಿ ಕಾಳು ಹಿದುಕುವುದನ್ನು ನಿಲ್ಲಿಸಿ, "ಮಾವ ಹೆಂಗಾಗ್ತಾರೆ? ಚಿತ್ತಪ್ಪಾ ಅಲ್ವಾ ಆಗೋದು?" ಎಂದರು. ಅವರ ಗಾದೆಯಲ್ಲಿ ಅತ್ತೆಗೆ ಮೀಸೆ ಮೊಳೆತರೆ ಚಿಕ್ಕಪ್ಪನಾಗುತ್ತಾಳೆ! ತೆಲುಗಿನವರು ನಮ್ಮ ಕಡೆ, ಅವರಲ್ಲೂ ಅತ್ತ ಮಾಮನೇ ಆಗುವುದು. ಉರ್ದುವಿನ ಗೆಳತಿಯನ್ನು ಕೇಳಿದರೆ, "ನಮ್ಮಲ್ಲಿ ಮೀಸೆ ಬರೋದು ಖಾಲಾಗೆ, ಬಂದ್ರೆ ಮಾಮೂ ಆಗ್ತಾಳೆ" ಎಂದರು.

ಒಂದೇ ಮೀಸೆ, ನಾಲ್ಕು ಭಾಷೆ, ಮೂರು ಉತ್ತರ. ಆ ಮಧ್ಯಾಹ್ನ ಯಾರೂ ನಾಲ್ಕು ಗಂಟೆಯ ಕಾಫಿಗೆ ಏಳಲಿಲ್ಲ.

ತಮಿಳಿನವರ ವಾದ ಹೀಗೆ. ಅತ್ತೆ ಎಂದರೆ ಅವರಲ್ಲಿ ಮುಖ್ಯವಾಗಿ ಅಪ್ಪನ ಒಡಹುಟ್ಟಿದವಳು. ಆಕೆ ಗಂಡಾಗಿದ್ದರೆ ಅಪ್ಪನ ತಮ್ಮನಾಗಿರುತ್ತಿದ್ದಳು. ಅಂದ ಮೇಲೆ ಚಿಕ್ಕಪ್ಪ. ಖಾಲಾ ಎಂದರೆ ಅಮ್ಮನ ಅಕ್ಕತಂಗಿ, ಗಂಡಾದರೆ ಅಮ್ಮನ ಅಣ್ಣತಮ್ಮ. ಅಂದ ಮೇಲೆ ಮಾಮೂ. ಎರಡು ಕಡೆಯೂ ಆಕೆ ಹುಟ್ಟಿದ ಮನೆಯಲ್ಲೇ ಇದ್ದು ಗಂಡಾಗುತ್ತಾಳೆ. ನಮ್ಮ ಕನ್ನಡದ, ತೆಲುಗಿನ ಅತ್ತೆಯಾದರೋ ಮೀಸೆ ಬಂದ ಕೂಡಲೇ ಸೀದಾ ತನ್ನ ಗಂಡನ ಕುರ್ಚಿಯಲ್ಲಿ ಹೋಗಿ ಕೂರುತ್ತಾಳೆ! ಇದು ಅನ್ಯಾಯವೋ ಅಲ್ಲವೋ ಎಂದು ವಾದ. ಹೆಣ್ಣು ಗಂಡಾಗುವುದೆಂದರೆ ಅಣ್ಣನ ಹಾಗಾಗುವುದೋ, ಗಂಡನ ಹಾಗಾಗುವುದೋ?

ನನ್ನ ಓಟು ತಮಿಳಿಗೆ. ಕಟ್ಟಿಕೊಂಡವನ ಜಾಗವನ್ನು ಕಿತ್ತುಕೊಳ್ಳುವುದಕ್ಕಿಂತ ಹುಟ್ಟಿದ ಮನೆಯ ಪಾಲನ್ನು ಕೇಳುವುದೇ ಮರ್ಯಾದೆ.

ಅಷ್ಟರಲ್ಲಿ ಕನ್ನಡದವರಲ್ಲೊಬ್ಬರು ಸುಮ್ಮನೆ ನಗುತ್ತಾ ಕೂತಿದ್ದರು. ಅವರನ್ನು ಕೊಟ್ಟಿರುವುದು ಸ್ವಂತ ಸೋದರಮಾವನಿಗೆ. ಅವರ ಅತ್ತೆಯೆಂದರೆ ಅಮ್ಮನ ಅಮ್ಮ, ಅಂದರೆ ಅಜ್ಜಿ. ಗಂಡನನ್ನು ಇವತ್ತಿಗೂ "ಮಾವ" ಎಂದೇ ಕರೆಯುತ್ತಾರೆ. ಅವರ ಅತ್ತೆಗೆ ಮೀಸೆ ಬಂದು ಮಾವನಾದರೆ ಗಂಡನಾದ ಹಾಗಾಯಿತೋ, ತಾತನಾದ ಹಾಗಾಯಿತೋ? ಈ ಗಂಟನ್ನು ಬಿಡಿಸಲು ಕಾಗದ, ಪೆನ್ನು ತರಿಸಿ ವಂಶವೃಕ್ಷ ಬರೆದದ್ದೂ ಆಯಿತು. ಒಳಗೆ ಮಂಚದ ಮೇಲೆ ಮಲಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ಆ ಅಜ್ಜಿ, "ನಂಗೆ ಮೀಸೆ ಬಂದ್ರೂ ಬೀರು ಬೀಗದ ಕೈ ನನ್ ಸೊಂಟದಾಗೇ ಇರ್ತದೆ, ನೀವು ಕಾಳು ಹಿದುಕ್ರಮ್ಮಾ" ಎಂದುಬಿಟ್ಟರು. ಅಂದಿನ ಸಭೆ ಅಲ್ಲಿಗೆ ಬರಖಾಸ್ತು.

ನಮ್ಮ ಮಕ್ಕಳ ಮಾತಿನ ಮೇಲೂ ಇಂಥ ವಾದಗಳು ಬರುತ್ತವೆ. ಅವಕ್ಕೆ ಸ್ವಲ್ಪ ಖಾರ ಜಾಸ್ತಿ. ಕಾಲೇಜಿಗೆ ಹೋಗುವ ಹುಡುಗಿಯರು ಒಬ್ಬರನ್ನೊಬ್ಬರು "ಮಚ್ಚಾ", "ಮಗಾ", "ಗುರು" ಎಂದು ಕರೆಯುವುದನ್ನು ನೀವೂ ಕೇಳಿರುತ್ತೀರಿ. ಮಚ್ಚಾ ತಮಿಳಿನ ಮಚ್ಚಾನ್‌ನಿಂದ ಬಂದದ್ದು. ಅಂದರೆ ಭಾವ, ಭಾವಮೈದ. "ಹುಡುಗಿ ಹುಡುಗೀನ ಭಾವಾ ಅಂತ ಕರೆಯೋದಾ? ವ್ಯಾಕರಣ ಬೇಡ್ವಾ?" ಎಂದು ಒಬ್ಬರ ಆಕ್ಷೇಪಣೆ. ನಾವೇನು ಕಡಿಮೆಯೇ? ತೊಟ್ಟಿಲಿನ ಹೆಣ್ಣುಮಗುವನ್ನು "ಅಮ್ಮಾ" ಅನ್ನುತ್ತೇವೆ, ಗಂಡುಮಗುವನ್ನು "ಅಪ್ಪಾ" ಅನ್ನುತ್ತೇವೆ. ಗೆಳತಿಯ ಎದುರಿಗೇ "ಅಯ್ಯೋ, ಅದಲ್ಲಪ್ಪಾ" ಅನ್ನುತ್ತೇವೆ. ಆಕೆ ಯಾರಿಗೆ ಅಪ್ಪ? ಇನ್ನು ಮಗಾ ಅನ್ನುವುದು ಹೊಸ ಹುಡುಗರ ಸೊತ್ತೂ ಅಲ್ಲ. ಮಂಡ್ಯದ ಕಡೆಯಿಂದ ಬಂದ ನಮ್ಮ ಗೆಳತಿ ಹೇಳುವಂತೆ ಅವರೂರಲ್ಲಿ ಗಂಡಾದರೂ ಮಗ, ಹೆಣ್ಣಾದರೂ ಮಗ. "ಬಾ ಮಗಾ, ಉಣ್ಣು" ಎಂದು ತಾಯಿ ಮಗಳನ್ನೇ ಕರೆಯುತ್ತಾಳೆ. ಆ ಊರುಗಳಲ್ಲಿ "ನಮ್ಮಕ್ಕ ಬಂತು, ಅವ್ವ ಹೋಯ್ತು" ಎಂದು ಮನೆಯ ಹೆಂಗಸರಿಗೆಲ್ಲ ನಪುಂಸಕಲಿಂಗ ಹಚ್ಚಿ ಮಾತಾಡುತ್ತಾರೆ. ಪೇಟೆಯವರಿಗೆ ಅದು ಒರಟೆನ್ನಿಸಬಹುದು, ಅವರಿಗೆ ಅದೇ ಅಕ್ಕರೆ.

ಈ ವಾದದಿಂದಲೇ ಕಣೋ, ಕಣೇ ಗುಟ್ಟು ಹೊರಬಿದ್ದದ್ದು. ನಮ್ಮಲ್ಲಿ ಅವನು ಬಂದ, ಅವಳು ಬಂದಳು ಎಂದು ಕ್ರಿಯಾಪದಕ್ಕೆ ಲಿಂಗ ಬರುವುದು ದೂರದಲ್ಲಿರುವವರಿಗೆ ಮಾತ್ರ. ನಾನು ಬಂದೆ, ನೀನು ಬಂದೆ ಎನ್ನುವಾಗ ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಆದರೆ ಕೊನೆಗೊಂದು "ಕಣ್" ಸೇರಿಸಿದಿರೋ, ಕೇಳುತ್ತಿರುವವರ ಜಾತಕವೇ ಬಯಲು. ಕಣೋ ಅಂದರೆ ಹುಡುಗ, ಕಣೇ ಅಂದರೆ ಹುಡುಗಿ, ಕಣ್ರೀ ಅಂದರೆ ಮರ್ಯಾದೆಯವರು. ಕಾಣು, ನೋಡು ಎಂಬ ಪದದಿಂದ ಹುಟ್ಟಿದ ಈ ಪುಟ್ಟ ಬಾಲ ಎಷ್ಟು ಕೆಲಸ ಮಾಡುತ್ತದೆ ನೋಡಿ! ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುತ್ತಾ, ನಡುಮನೆಯಲ್ಲಿ ಮಗಳು ಫೋನಿನಲ್ಲಿ "ಹ್ಞೂ ಕಣೋ" ಎಂದರೆ ತಾಯಿಯ ಕಿವಿ ನೆಟ್ಟಗಾಗುತ್ತದೆ. "ಹ್ಞೂ ಕಣೇ" ಎಂದರೆ ಸಾಸಿವೆ ನೆಮ್ಮದಿಯಾಗಿ ಸಿಡಿಯುತ್ತದೆ. ಈಗಿನ ಹುಡುಗಿಯರು "ಹ್ಞೂ ಮಗಾ" ಅನ್ನುತ್ತಾರೆ! ಆ ಕಡೆ ಇರುವವರು ಅವನೋ ಅವಳೋ ಬ್ರಹ್ಮನಿಗೂ ಗೊತ್ತಾಗದು. ಮಕ್ಕಳಿಗೆ ವ್ಯಾಕರಣ ಬರುವುದಿಲ್ಲವೆಂದು ಗೊಣಗುವ ತಾಯಂದಿರೇ, ನಿಮಗಿಂತ ಚೆನ್ನಾಗಿ ಬರುತ್ತದೆ.

ದೇವರ ವಿಷಯದಲ್ಲಿ ಮಾತ್ರ ನಾವು ಎಲ್ಲರೂ ಒಂದೇ. ಕೃಷ್ಣನಿಗೂ ಲಕ್ಷ್ಮಿಗೂ ಏಕವಚನ, ನಾದಿನಿಯ ಗಂಡನಿಗೆ ಬಹುವಚನ.

ಇನ್ನೊಂದು ದೊಡ್ಡ ಯುದ್ಧ ನಡೆದದ್ದು ಮೆಟ್ರೋ ಮೇಲೆ. ನಮ್ಮಲ್ಲೊಬ್ಬರು ಮಗನ ಜೊತೆ ಕೆ.ಆರ್. ಪುರಕ್ಕೆ ಮನೆ ಬದಲಾಯಿಸಿದ್ದರು. ಬಸ್ಸಿನಲ್ಲಿ ಟಿನ್ ಫ್ಯಾಕ್ಟರಿಯ ನೂಕುನುಗ್ಗಲು ದಾಟಿ ಬರುವುದಕ್ಕೇ ಅರ್ಧ ದಿನವೆಂದು ಗುಂಪಿಗೆ ಬರುವುದನ್ನೇ ಬಿಟ್ಟಿದ್ದರು. 2011ರ ಅಕ್ಟೋಬರ್ 20ರಂದು ಎಂ.ಜಿ. ರಸ್ತೆಯಿಂದ ಬೈಯಪ್ಪನಹಳ್ಳಿಗೆ ಶುರುವಾದ ನೇರಳೆ ಮಾರ್ಗ, ಕೊನೆಗೆ 2023ರ ಅಕ್ಟೋಬರ್ 9ರಂದು ಕೆ.ಆರ್. ಪುರಕ್ಕೆ ಕೂಡಿಕೊಂಡಿತು. ಮಾರನೆಯ ವಾರವೇ ಆಕೆ ಹಾಜರ್! "ಮೆಟ್ರೋಲಿ ಬಂದೆ ಕಣ್ರೇ" ಎಂದು ಚಪ್ಪಲಿ ಬಿಡುವಷ್ಟರಲ್ಲಿ ಯಾರೋ "ಮೆಟ್ರೋಲಿ ಅಲ್ಲ, ಮೆಟ್ರೋದಲ್ಲಿ" ಎಂದರು. ಇನ್ನೊಬ್ಬರು "ಮೆಟ್ರೋನಲ್ಲಿ" ಎಂದರು. ಬಂದವರಿಗೆ ನೀರು ಕೊಡುವುದನ್ನೂ ಮರೆತು ಎಲ್ಲರೂ ಮೂರು ಪಂಗಡವಾದರು.

ನಾನು ಓದಿರುವುದು ಹೈಸ್ಕೂಲಿನವರೆಗೆ. ಆದರೆ ಲೋಪ, ಆಗಮ, ಆದೇಶ ಉರುಹೊಡೆದದ್ದು ಇನ್ನೂ ಮರೆತಿಲ್ಲ. ಮರಕ್ಕೆ "ದಲ್ಲಿ" ಬರುತ್ತದೆ, ಮರದಲ್ಲಿ. ಮನೆಗೆ "ಯಲ್ಲಿ", ಊರಿಗೆ "ಇನಲ್ಲಿ". ಓಕಾರದಿಂದ ಮುಗಿಯುವ ಹೆಸರು ನಮ್ಮಲ್ಲಿ ಸಿಗುವುದೇ ಅಪರೂಪ. ಅದಕ್ಕೇ ಮೆಟ್ರೋ, ಆಟೋ, ರೇಡಿಯೋ ಬಂದಾಗ ಯಾವ ಮನೆಗೆ ಸೇರಿಸುವುದೆಂದು ಗೊಂದಲ. ಪತ್ರಿಕೆಗಳು "ಮೆಟ್ರೋವನ್ನು", "ಮೆಟ್ರೋದಲ್ಲಿ" ಎಂದು ಬರೆದು ಮರದ ಸಂಸಾರಕ್ಕೆ ಸೇರಿಸಿದವು, ಮರವನ್ನು, ಮರದಲ್ಲಿ ಅನ್ನುವ ಹಾಗೆ. ಸರಿ, ಹಾಗಾದರೆ "ಮರಕ್ಕೆ" ಇದ್ದಂತೆ "ಮೆಟ್ರೋಕ್ಕೆ" ಅನ್ನಬೇಕಲ್ಲವೇ? ಯಾರೂ ಅನ್ನುವುದಿಲ್ಲ, "ಮೆಟ್ರೋಗೆ" ಅನ್ನುತ್ತಾರೆ, ಮನೆಗೆ ಎಂಬಂತೆ. ಅಂತೂ ಪಾಪ, ಅರ್ಧ ಮರದ ಮನೆಯಲ್ಲಿ, ಅರ್ಧ ಮನೆಯ ಮನೆಯಲ್ಲಿ. ತವರಿಗೂ ಅತ್ತೆಮನೆಗೂ ಓಡಾಡುವ ಹೊಸ ಸೊಸೆಯ ಹಾಗೆ. 13ನೆಯ ಶತಮಾನದಲ್ಲಿ "ಶಬ್ದಮಣಿದರ್ಪಣ" ಬರೆದ ಕೇಶಿರಾಜ ಎದ್ದು ಬಂದು ಹಲಸೂರು ನಿಲ್ದಾಣದಲ್ಲಿ ಟೋಕನ್ನು ತೆಗೆದುಕೊಂಡರೆ ಏನೆನ್ನುತ್ತಿದ್ದ ಎಂಬುದು ಅಂದಿನ ಉಪಪ್ರಶ್ನೆ. ಉ, ಓ ಮುಂತಾದವುಗಳ ಮುಂದೆ ವಕಾರ ಬರಬೇಕೆಂಬ ನಿಯಮ ಹಿಡಿದು "ಮೆಟ್ರೋವಿನಲ್ಲಿ" ಎನ್ನುತ್ತಿದ್ದ, ಹಿಂದೆ ನಿಂತವರು "ಮುಂದೆ ಹೋಗಿ ಸ್ವಾಮಿ" ಎನ್ನುತ್ತಿದ್ದರು ಎಂದು ತೀರ್ಮಾನವಾಯಿತು.

ಆದರೆ ಇಂಗ್ಲಿಷಿನ ಪದಕ್ಕೆ ನಾವು ಬೇಕಾಬಿಟ್ಟಿ ಬಾಲ ಅಂಟಿಸುತ್ತೇವೆಂದು ಮಾತ್ರ ತಿಳಿಯಬೇಡಿ. ಬಸ್ ಬಸ್ಸು ಆಯಿತು, ಪೆನ್ ಪೆನ್ನು ಆಯಿತು. ಕಾರ್ ಮಾತ್ರ ಕಾರ್ರು ಆಗಲಿಲ್ಲ, ಕಾರು. ಫೋನು, ರೋಡು, ಲೈಟು. ಹಿಂದಿನ ಸ್ವರ ಹ್ರಸ್ವವಾದರೆ ವ್ಯಂಜನ ಇಮ್ಮಡಿ, ದೀರ್ಘವಾದರೆ ಒಂದೇ. ಹಳೆಯ ಕಲ್, ಕಣ್ ಕೂಡ ಹೀಗೇ ಕಲ್ಲು, ಕಣ್ಣು ಆದವು. ಕಾಲ್, ಮೀನ್ ಕಾಲು, ಮೀನು ಆದವು. ಶಾಲೆಯ ಮೆಟ್ಟಿಲು ಹತ್ತದ ತರಕಾರಿ ಗಾಡಿಯವಳೂ ಇದರಲ್ಲಿ ತಪ್ಪುವುದಿಲ್ಲ. ಯಾರು ಕಲಿಸಿದರು ಅವಳಿಗೆ? ಇಂಥ ಪ್ರಶ್ನೆಗಳಿಗೆ ಒಂದು ಕಾಲದಲ್ಲಿ ಉತ್ತರ ಹೇಳಲು ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರಿದ್ದರು. 1991ರಲ್ಲಿ "ಪ್ರಜಾವಾಣಿ"ಯಲ್ಲಿ ಶುರುವಾದ ಅವರ "ಇಗೋ ಕನ್ನಡ" ಅಂಕಣಕ್ಕೆ ಎಷ್ಟೋ ಮನೆಗಳಲ್ಲಿ ಕಾಯುತ್ತಿದ್ದರು. 2021ರಲ್ಲಿ, 107 ವರ್ಷ ತುಂಬಿದ ಆ ಹಿರಿಯರು ತೀರಿಕೊಂಡಾಗ ಮನೆಯ ಯಜಮಾನರೇ ಹೋದಂತೆನ್ನಿಸಿತ್ತು. ಹೆಂಗಸರ ಹರಟೆಯನ್ನು ಸಾಹಿತ್ಯ ಮಾಡಿದ ಟಿ. ಸುನಂದಮ್ಮನವರನ್ನೂ ನೆನೆಯಬೇಕು, "ಕೊರವಂಜಿ" ಪತ್ರಿಕೆಯ ಕಾಲದಲ್ಲೇ, ನಗುವುದು ಹೆಣ್ಣಿಗೆ ಲಕ್ಷಣವಲ್ಲವೆನ್ನುವವರ ಎದುರಿಗೇ ನಗಿಸಿದವರು.

ಇಷ್ಟೆಲ್ಲ ನಗೆಯ ನಡುವೆ ಒಂದು ದಿನ ಗಂಟಲಲ್ಲಿ ಸಿಕ್ಕಿಕೊಳ್ಳುವಂಥದೂ ಆಯಿತು. ಹೇಳದೆ ಬಿಡಲು ಮನಸ್ಸಿಲ್ಲ.

ನಮ್ಮ ತಮಿಳಿನ ಗೆಳತಿಯರಲ್ಲಿ ಹಿರಿಯರೊಬ್ಬರಿಗೆ ಐವತ್ತು ದಾಟಿದೆ. ಹುಟ್ಟಿದ್ದು ಹಲಸೂರಲ್ಲೇ, ಅವರ ತಾಯಿ ಹುಟ್ಟಿದ್ದೂ ಹಲಸೂರಲ್ಲೇ. ಕನ್ನಡ ಅರ್ಥವಾಗುತ್ತಿತ್ತು, ಮಾತಾಡುವ ಪ್ರಸಂಗ ಬಂದಿರಲಿಲ್ಲ. ಮಗ ಮಂಡ್ಯದ ಹುಡುಗಿಯನ್ನು ಮೆಚ್ಚಿ ಮದುವೆಯಾದ. ಮೊಮ್ಮಗು ಅಮ್ಮನ ಮಾತು ಕಲಿಯಿತು. ಮಗುವಿಗೆ ಕಥೆ ಹೇಳಬೇಕು, ಅದಕ್ಕೇ ಕನ್ನಡ ಬೇಕು ಎಂದು ಹಟ ಹಿಡಿದು ಅವರು ನಮ್ಮ ಜೊತೆ ಬಂದು ಕೂರುತ್ತಿದ್ದರು. ಒಂದು ದಿನ ತಡವಾಗಿ ಬಂದು, "ಪಾಪೂಗೆ ಪಾಲು ಕುಡಿಸ್ಬಿಟ್ಟು ಬಂದೆ" ಎಂದರು. ಗುಂಪಿಗೆ ಹೊಸದಾಗಿ ಸೇರಿದ್ದ ಒಬ್ಬರು, "ಪಾಲೇ? ಯಾವ ಆಸ್ತೀಲಿ ಪಾಲು?" ಎಂದುಬಿಟ್ಟರು. ಇನ್ನಿಬ್ಬರು ನಕ್ಕರು. ಅವರೂ ನಕ್ಕರು. ಅರ್ಧ ಗಂಟೆ ಕೂತು, ಎದ್ದು ಹೋದರು. ಆಮೇಲೆ ಒಂದು ತಿಂಗಳು ಬರಲಿಲ್ಲ. ದಾರಿಯಲ್ಲಿ ಸಿಕ್ಕರೆ ತಮಿಳಲ್ಲಿ ಒಂದು ಮಾತು, ಅಷ್ಟೇ. ಸೊಸೆ ಹೇಳಿದ್ದು ಕೇಳಿ ಕರುಳು ಚುರ್ರೆಂದಿತು: ಮನೆಯಲ್ಲೂ ಕನ್ನಡ ನಿಲ್ಲಿಸಿದ್ದಾರೆ, ಮಗು ಕಥೆ ಕೇಳಿದರೆ "ಅಮ್ಮಾಟ್ಟ ಕೇಳು" ಅನ್ನುತ್ತಾರೆ.

ಈ ಊರಿನಲ್ಲಿ ಭಾಷೆಯ ಮಾತು ಯಾವಾಗಲೂ ನಗೆಯಲ್ಲೇ ಮುಗಿದದ್ದಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ, 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ಹೆಸರಿನಲ್ಲಿ ಬೆಂಗಳೂರಲ್ಲಿ ಏನಾಯಿತೆಂದು ಆಗ ಇದ್ದವರಿಗೆ ನೆನಪಿದೆ. ಬಾಯಿ ತೆಗೆದರೆ ಯಾರೆಂದು ಗೊತ್ತಾಗಿಬಿಡುತ್ತದೆಂದು ಬಾಯಿ ಮುಚ್ಚಿಕೊಂಡು ಓಡಾಡಿದ ದಿನಗಳವು. ಆ ದಿನಗಳನ್ನು ಕಂಡವರ ಒಂದು ಪದಕ್ಕೆ ನಗುವಾಗ ನಗುವವರಿಗೆ ಅದು ತಮಾಷೆಯಷ್ಟೇ, ಅವರಿಗೆ ಅಷ್ಟೇ ಅಲ್ಲ.

ಕೊನೆಗೆ ಅವರನ್ನು ಕರೆದು ತಂದವರು ನಮ್ಮ ಗುಂಪಿನ ನಿವೃತ್ತ ಕನ್ನಡ ಮೇಡಂ. ಸಮಾಧಾನ ಹೇಳಲು ಹೋಗಲಿಲ್ಲ, ಒಂದು ಹಾಳೆ ತೆಗೆದುಕೊಂಡು ಹೋದರು. ಅದರಲ್ಲಿ ಬರೆದಿದ್ದರು: ಹಾಲು, ಹೂ, ಹುಲಿ, ಹಲ್ಲು. ಅದರ ಮುಂದೆ ಪಾಲ್, ಪೂ, ಪುಲಿ, ಪಲ್. "ಇದೆಲ್ಲ ತಮಿಳು" ಎಂದರಂತೆ ಇವರು. "ಅಲ್ಲ, ಇದು ಪಂಪನ ಕನ್ನಡ" ಎಂದರಂತೆ ಮೇಡಂ. 941ರ ಸುಮಾರಿಗೆ ಭಾರತದ ಕಥೆ ಬರೆದ ಆದಿಕವಿಯ ಕಾಲದಲ್ಲಿ ಕನ್ನಡದ ಹಾಲೂ ಪಾಲೇ, ಹೂವೂ ಪೂವೇ. ಆಮೇಲಾಮೇಲೆ ನಮ್ಮ ಪಕಾರ ಹಕಾರವಾಯಿತು, ತಮಿಳಿನಲ್ಲಿ ಹಾಗೇ ಉಳಿಯಿತು. ಈಗ ಆ ಹಕಾರವೂ ಎಷ್ಟೋ ಜನರ ಬಾಯಲ್ಲಿ ಉಳಿದಿಲ್ಲ, ಆಲು, ಊ ಎನ್ನುತ್ತಾರೆ. ನಮ್ಮೂರನ್ನೇ ನೋಡಿ, ಹಲಸಿನಿಂದ ಆದ ಹಲಸೂರು. ಆ ಹಲಸು ಹಳಗನ್ನಡದಲ್ಲಿ ಪಲಸು, ನಾಳೆ ನಾಡಿದ್ದು ಬರೀ ಅಲಸೂರು. ಮಾರುಕಟ್ಟೆಯಲ್ಲಿ ಒಂದು ಸುತ್ತು ಹಾಕಿದರೆ ಪೂ, ಹೂ, ಊ ಮೂರೂ ಕೇಳುತ್ತವೆ. ಸಾವಿರ ವರ್ಷ ಒಂದೇ ಬುಟ್ಟಿಯಲ್ಲಿ!

ಮುಂದಿನ ಬುಧವಾರ ಅವರು ಬಂದರು. ಬಂದವರೇ ಆ ಹೊಸಬರ ಎದುರಿಗೆ ಕೂತು, "ನಾನು ಪಂಪ ಕಣ್ರೀ, ನೀವು ನಿನ್ನೆ ಮೊನ್ನೆಯವರು" ಎಂದರು. ಹೊಸಬರು ಏನೂ ಅನ್ನಲಿಲ್ಲ, ತಾವು ಹಿದುಕಿದ್ದ ಕಾಳನ್ನೆಲ್ಲ ಅವರ ಪಾತ್ರೆಗೆ ಸುರಿದರು. ಆ ದಿನದಿಂದ ಒಂದು ಕಟ್ಟು ಮಾಡಿಕೊಂಡಿದ್ದೇವೆ. ಪದದ ಮೇಲೆ ಎಷ್ಟಾದರೂ ಜಗಳವಾಡಬಹುದು, ಆಡಿದವರ ಮೇಲೆ ನಗಕೂಡದು. ನಕ್ಕವರು ಎಲ್ಲರಿಗೂ ಕಾಫಿ ಮಾಡಬೇಕು. ನೀವೂ ನಿಮ್ಮ ಗುಂಪಿನಲ್ಲಿ ಮಾಡಿ ನೋಡಿ. ಕಾಫಿಪುಡಿ ಸ್ವಲ್ಪ ಹೆಚ್ಚು ಖರ್ಚಾಗುತ್ತದೆ.

ಅಂದ ಹಾಗೆ, ಈ ವಾರ ನಮ್ಮ ಮುಂದಿರುವ ಸಮಸ್ಯೆಗಳು ಎರಡು. ಚೌಚೌಬಾತು ಒಂದು ತಿಂಡಿಯೋ, ಎರಡೋ? "ಚೌಚೌಬಾತು ಬಂತು" ಅನ್ನಬೇಕೋ, "ಬಂದವು" ಅನ್ನಬೇಕೋ? ಇದು ಸುಲಭ. ತಟ್ಟೆ ಒಂದಾದ್ದರಿಂದ ಬಂತು ಎಂದು ನಾನು ಹೇಳಿದ್ದೇನೆ. ಖಾರಾಬಾತು ಒಂದನ್ನೇ ತಿಂದು ಕೇಸರಿಬಾತು ಬಿಡುವವರು ಒಪ್ಪುತ್ತಿಲ್ಲ.

ಎರಡನೆಯದು ಹಲಸೂರು ಕೆರೆಯದು. ಕೆರೆಯ ಬಳಿಯ ತಿರುವಳ್ಳುವರ್ ಪ್ರತಿಮೆ ನಿಮಗೆ ಗೊತ್ತಿರಬೇಕು. 18 ವರ್ಷ ಬಟ್ಟೆ ಸುತ್ತಿಕೊಂಡೇ ನಿಂತಿದ್ದು, 2009ರ ಆಗಸ್ಟ್ 9ರಂದು ಮುಖ ತೋರಿಸಿತು. ಅದೇ ವಾರ, 13ನೇ ತಾರೀಖು, ಚೆನ್ನೈನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡಿತು. ಪ್ರಶ್ನೆ ಇಷ್ಟೇ. ಇಬ್ಬರೂ ಒಂದು ಸಂಜೆ ಹಲಸೂರು ಕೆರೆಯ ಏರಿಯ ಮೇಲೆ ಕೂತು ಮಾತಿಗಿಳಿದರೆ ಮೊದಲು ಮಾತು ಮುಗಿಸುವವರು ಯಾರು? ವಳ್ಳುವರೇ ಎಂದು ತಮಿಳಿನ ಪಕ್ಷ. ಅವರದು ಎರಡೇ ಸಾಲು, ಅಂಥವು 1330 ಇವೆ. ಸರ್ವಜ್ಞನದು ತ್ರಿಪದಿ, ಮೂರು ಸಾಲು ಬೇಕು. ಮಂಡ್ಯದವರು ಬಿಡುತ್ತಾರೆಯೇ? "ಮೂರನೇ ಸಾಲಲ್ಲಿ ಅವನ ಹೆಸರೂ ಬತ್ತದಲ್ಲ, ಅದನ್ನ ತೆಗೆದಾಕಿ ಲೆಕ್ಕ ಮಾಡಿ, ಸರೀಸಮ" ಎಂದರು.

"ಹೆಸರು ಯಾಕೆ ಹೇಳ್ಬೇಕು? ವಳ್ಳುವರ್ ಹೇಳಿದ್ರಾ?" ಎಂದು ನಮ್ಮ ಪಂಪ ಕೇಳಿದರು.

"ಹೇಳ್ದೆ ಇದ್ರೆ ಹೆಂಗೆ? ನಾವು ಮೂವತ್ತು ವರ್ಷದಿಂದ ಹೆಸರು ಹಾಕ್ದೆ ಸಾರು ಮಾಡ್ತಾ ಇದೀವಿ, ಯಾರಾದ್ರೂ ನಮ್ದು ಅಂದ್ರಾ? ಹೋಟ್ಲವನು ಬೋರ್ಡು ಹಾಕ್ದ, ಅವನ್ದಾಯ್ತು."

ಇದಕ್ಕೆ ತಮಿಳಿನ ಪಕ್ಷದಿಂದ ಉತ್ತರ ಬಂದಿಲ್ಲ. ಬುಧವಾರದವರೆಗೆ ಗಡುವು ಕೇಳಿದ್ದಾರೆ.